ಡಾ. ಚಿತ್ತರಂಜನ್ ಹತ್ಯೆ: ಸತ್ಯ ಯಾರಿಗೆ ಬೇಕು?

1996ರ ಎಪ್ರಿಲ್ 10ರ ರಾತ್ರಿ ಭಟ್ಕಳದ ಶಾಸಕ ಡಾ. ಯು. ಚಿತ್ತರಂಜನ್ ಅವರನ್ನು ಅವರ ಮನೆಯಲ್ಲೇ ಗುಂಡಿಕ್ಕಿ ಕೊಲ್ಲಲಾಯಿತು. ಆಗ ಅವರು ಶಾಸಕರಾಗಿ ಒಂದೂವರೆ ವರ್ಷವೂ ತುಂಬಿರಲಿಲ್ಲ. ಲೋಕಸಭಾ ಚುನಾವಣೆಗೆ ಕೆಲವೇ ವಾರಗಳು ಉಳಿದಿದ್ದವು. ಅಂದು ಎಳೆಯ ಮಕ್ಕಳಾಗಿದ್ದವರು ಇಂದು ತಮ್ಮ ಮಕ್ಕಳನ್ನು ಶಾಲೆಗೆ ಕಳುಹಿಸುತ್ತಿದ್ದಾರೆ. ಆದರೆ ಆ ರಾತ್ರಿ ಗುಂಡು ಹಾರಿಸಿದವರು ಯಾರು, ಹಾರಿಸಲು ಹೇಳಿದವರು ಯಾರು ಎಂಬ ಪ್ರಶ್ನೆಗೆ ಈ ನಾಡಿನ ಯಾವ ನ್ಯಾಯಾಲಯದಿಂದಲೂ ಉತ್ತರ ಬಂದಿಲ್ಲ. ಜನರಿಂದ ಆರಿಸಿ ಬಂದ ಪ್ರತಿನಿಧಿಯೊಬ್ಬರ ಕೊಲೆಗೆ ಯಾರಿಗೂ ಶಿಕ್ಷೆಯಾಗದೆ ಮೂರು ದಶಕಗಳು ಉರುಳಿದವು ಎಂಬುದು ಸಣ್ಣ ಸಂಗತಿಯಲ್ಲ. ಆದರೂ ಆ ಬಗ್ಗೆ ನಮ್ಮಲ್ಲಿ ನಡೆದ ಚರ್ಚೆ ಎಷ್ಟು? ಚುನಾವಣೆ ಹತ್ತಿರವಾದಾಗ ಅವರ ಹೆಸರು ಕೇಳಿಬರುತ್ತದೆ. ಫಲಿತಾಂಶ ಪ್ರಕಟವಾದ ಮೇಲೆ ಮತ್ತೆ ಕಡತ ಸೇರುತ್ತದೆ.

ಈ ಕುರಿತು ಬರೆಯುವಾಗ ನಾವು ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಚಿತ್ತರಂಜನ್ ಅವರ ರಾಜಕೀಯವನ್ನು ನಾವು ಒಪ್ಪಿದವರಲ್ಲ. ಅವರು ವೃತ್ತಿಯಲ್ಲಿ ವೈದ್ಯರಾಗಿದ್ದರು. ವಿಚಾರದಲ್ಲಿ ಹಿಂದುತ್ವದ ಪ್ರತಿಪಾದಕರಾಗಿದ್ದರು. ಭಟ್ಕಳದಲ್ಲಿ ಆ ಚಳವಳಿಯನ್ನು ಕಟ್ಟಿ ಬೆಳೆಸಿದವರ ಮುಂಚೂಣಿಯಲ್ಲಿ ಅವರಿದ್ದರು. 1993ರಲ್ಲಿ, ರಾಮನವಮಿಯ ದಿನಗಳಲ್ಲಿ ಆರಂಭಗೊಂಡ ಹಿಂಸೆಯು ತಿಂಗಳುಗಟ್ಟಲೆ ಭಟ್ಕಳವನ್ನು ಸುಟ್ಟಿತು. ಹದಿನೈದಕ್ಕೂ ಹೆಚ್ಚು ಜೀವಗಳು ಹೋದವು. ಕರ್ಫ್ಯೂ ಎಂಬ ಪದ ಆ ಊರಿನ ಮನೆಮಾತಾಯಿತು. ಅಂಗಡಿ ಕಳಕೊಂಡವರಲ್ಲಿ, ಮಕ್ಕಳನ್ನು ಕಳಕೊಂಡವರಲ್ಲಿ ಎರಡೂ ಸಮುದಾಯದವರಿದ್ದರು. ಆ ಗಲಭೆಯ ತನಿಖೆಗೆ ನ್ಯಾಯಮೂರ್ತಿ ಕೆದಂಬಾಡಿ ಜಗನ್ನಾಥ ಶೆಟ್ಟಿಯವರ ಆಯೋಗ ರಚನೆಯಾಯಿತು. ಆಯೋಗದ ವರದಿ ಬರುವ ಮೊದಲೇ, 1994ರಲ್ಲಿ ವಿಧಾನಸಭಾ ಚುನಾವಣೆ ಬಂತು. 1989ರಲ್ಲಿ ಕೇವಲ 4 ಸ್ಥಾನ ಗೆದ್ದಿದ್ದ ಭಾರತೀಯ ಜನತಾ ಪಕ್ಷವು ಆ ಚುನಾವಣೆಯಲ್ಲಿ 40 ಸ್ಥಾನಗಳಿಗೆ ಏರಿತು. ಆ ನಲ್ವತ್ತರಲ್ಲಿ ಒಂದು ಭಟ್ಕಳ. ಅದನ್ನು ಗೆದ್ದವರು ಡಾ. ಚಿತ್ತರಂಜನ್. ಹೊಗೆ ಇನ್ನೂ ಆರದಿದ್ದ ಊರಿನಲ್ಲಿ ಆ ಗೆಲುವು ಒಂದು ವರ್ಗಕ್ಕೆ ಸಂಭ್ರಮವನ್ನೂ ಇನ್ನೊಂದು ವರ್ಗಕ್ಕೆ ಭಯವನ್ನೂ ತಂದಿತು ಎಂಬುದನ್ನು ಅಲ್ಲಗಳೆಯಬೇಕಾಗಿಲ್ಲ.

ಆದರೆ ಇಷ್ಟನ್ನು ಹೇಳಿದ ಮೇಲೆ ಇನ್ನೊಂದನ್ನೂ ಹೇಳಬೇಕು. ಒಬ್ಬ ವ್ಯಕ್ತಿ ಶಾಸಕನಾಗಿ ಆಯ್ಕೆಯಾದ ಬಳಿಕ ತನಗೆ ಮತ ಕೊಟ್ಟವರ ಶಾಸಕ ಮಾತ್ರ ಆಗಿ ಉಳಿಯುವುದಿಲ್ಲ. ಮತ ಕೊಡದವರ ಶಾಸಕನೂ ಆಗುತ್ತಾನೆ. ಚಿತ್ತರಂಜನ್ ಭಟ್ಕಳದ ಮುಸ್ಲಿಮರ ಶಾಸಕರೂ ಆಗಿದ್ದರು. ಅವರನ್ನು ವಿಧಾನಸಭೆಯಲ್ಲಿ ಪ್ರಶ್ನಿಸಬಹುದಿತ್ತು. ಪತ್ರಿಕೆಗಳಲ್ಲಿ ಖಂಡಿಸಬಹುದಿತ್ತು. ಐದು ವರ್ಷ ಕಾದು ಮತಪೆಟ್ಟಿಗೆಯ ಮೂಲಕ ಮನೆಗೆ ಕಳುಹಿಸಬಹುದಿತ್ತು. ಪ್ರಜಾತಂತ್ರವು ಪ್ರಜೆಗಳಿಗೆ ಕೊಟ್ಟಿರುವ ಆಯುಧಗಳು ಇವು. ಬಂದೂಕು ಹಿಡಿದವರು ಶಾಸಕರನ್ನು ಮಾತ್ರ ಕೊಂದದ್ದಲ್ಲ, ಅವರನ್ನು ಎದುರಿಸಲು ನಮಗಿದ್ದ ಈ ನ್ಯಾಯಬದ್ಧ ದಾರಿಗಳನ್ನೂ ಮುಚ್ಚಿದರು. ಆ ಅರ್ಥದಲ್ಲಿ ಅಂದಿನ ಗುಂಡು ಅವರ ವಿರೋಧಿಗಳಿಗೂ ತಗುಲಿದೆ.

ಹತ್ಯೆಯ ನಂತರ ನಡೆದುದೇನು? ಕೆನರಾ ಲೋಕಸಭಾ ಕ್ಷೇತ್ರದಿಂದ 1980ರಿಂದ ಸತತ ನಾಲ್ಕು ಬಾರಿ ಕಾಂಗ್ರೆಸ್‌ನ ಜಿ. ದೇವರಾಯ ನಾಯ್ಕರು ಗೆದ್ದಿದ್ದರು. 1996ರಲ್ಲಿ ಆ ಸ್ಥಾನ ಪ್ರಥಮ ಬಾರಿಗೆ ಬಿಜೆಪಿಗೆ ಹೋಯಿತು. ಅನಂತಕುಮಾರ್ ಹೆಗಡೆಯವರು ಸಂಸತ್ತು ಪ್ರವೇಶಿಸಿದರು. ತೆರವಾದ ಭಟ್ಕಳ ವಿಧಾನಸಭಾ ಸ್ಥಾನವೂ ಉಪಚುನಾವಣೆಯಲ್ಲಿ ಅದೇ ಪಕ್ಷದ ಶಿವಾನಂದ ನಾಯ್ಕರ ಪಾಲಾಯಿತು. ಈ ಗೆಲುವುಗಳಿಗೆಲ್ಲ ಹತ್ಯೆಯೊಂದೇ ಕಾರಣ ಎಂದು ನಾವು ವಾದಿಸುವುದಿಲ್ಲ. ಆದರೆ ಕೊಲೆಯಾದ ಶಾಸಕರ ಬಗೆಗಿನ ದುಃಖವು ಮತವಾಗಿ ಬದಲಾಯಿತು ಎಂಬುದನ್ನು ಅರಿಯಲು ರಾಜಕೀಯ ಪಂಡಿತರೇ ಆಗಬೇಕಾಗಿಲ್ಲ. ದುಃಖವು ಮತವಾಗಿ ಬದಲಾದಷ್ಟು ವೇಗದಲ್ಲಿ ತನಿಖೆ ಸಾಗಲಿಲ್ಲ. ಪ್ರಕರಣ ಸಿಬಿಐ ಕೈಗೆ ಹೋಯಿತು. ಅಲ್ಲಿಂದಲೂ ಕೊಲೆಗಾರರ ಹೆಸರು ಸಾಬೀತಾಗಿ ಹೊರಬರಲಿಲ್ಲ. 2004ರಲ್ಲಿ ಅದೇ ಭಟ್ಕಳದಲ್ಲಿ ಬಿಜೆಪಿಯ ಇನ್ನೋರ್ವ ಮುಖಂಡ ತಿಮ್ಮಪ್ಪ ನಾಯ್ಕರ ಹತ್ಯೆಯೂ ನಡೆಯಿತು. ಊರಿನ ಗಾಯಕ್ಕೆ ಮತ್ತೊಂದು ಗಾಯ ಸೇರಿತು.

ಸತ್ಯ ಹೊರಬರದಿದ್ದಾಗ ಅದರ ಜಾಗದಲ್ಲಿ ಬಂದು ಕೂರುವುದು ಸಂಶಯ. ಭಟ್ಕಳದ ಮುಸ್ಲಿಮರ ಪಾಲಿಗೆ ಆದದ್ದು ಅದುವೇ. ಆರೋಪಿಯೊಬ್ಬನ ಮೇಲೆ ಮೊಕದ್ದಮೆ ನಡೆದರೆ ಅವನಿಗೆ ವಕೀಲರನ್ನು ನೇಮಿಸಿಕೊಳ್ಳುವ ಹಕ್ಕಿದೆ, ಜಾಮೀನು ಕೇಳುವ ಹಕ್ಕಿದೆ, ತೀರ್ಪು ತಪ್ಪೆನಿಸಿದರೆ ಮೇಲ್ಮನವಿಯ ಹಕ್ಕಿದೆ. ಆದರೆ ಇಡೀ ಊರಿನ ಮೇಲೆ ಸಂಶಯ ಬಿದ್ದರೆ ಆ ಊರು ಯಾವ ನ್ಯಾಯಾಲಯಕ್ಕೆ ಹೋಗಬೇಕು? ಯಾರಲ್ಲಿ ಜಾಮೀನು ಕೇಳಬೇಕು? ಇದರ ಮೇಲೆ, ಹೆಸರಿನ ಜೊತೆ ಭಟ್ಕಳ ಎಂದು ಅಂಟಿಸಿಕೊಂಡ ಕೆಲವರು ಭಯೋತ್ಪಾದನಾ ಪ್ರಕರಣಗಳಲ್ಲಿ ಸುದ್ದಿಯಾದರು. ಅವರಲ್ಲಿ ಒಬ್ಬನ ಮೇಲಿನ ಅಪರಾಧ 2016ರಲ್ಲಿ ಹೈದರಾಬಾದಿನ ವಿಶೇಷ ನ್ಯಾಯಾಲಯದಲ್ಲಿ ಸಾಬೀತೂ ಆಯಿತು. ಅಪರಾಧಿಗೆ ಶಿಕ್ಷೆಯಾಗಲೇಬೇಕು; ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ದಂಡವನ್ನು ಕಟ್ಟುತ್ತಿರುವವರು ಯಾರು? ಕೆಲಸ ಹುಡುಕಿ ಬೆಂಗಳೂರಿಗೆ ಹೋದ ಯುವಕ ತನ್ನ ಊರಿನ ಹೆಸರು ಹೇಳುವ ಮುನ್ನ ಒಂದು ಕ್ಷಣ ತಡೆಯುತ್ತಾನೆ. ಬಾಡಿಗೆ ಮನೆ ಕೇಳುವ ಕುಟುಂಬವು ಊರು ಯಾವುದು ಎಂಬ ಪ್ರಶ್ನೆಗೆ ಅಂಜುತ್ತದೆ. 1912ರಲ್ಲಿ ಮಜ್ಲಿಸೆ ಇಸ್ಲಾಹ್ ವ ತಂಝೀಮನ್ನೂ 1919ರಲ್ಲಿ ಅಂಜುಮನ್ ಹಾಮಿಯೆ ಮುಸ್ಲಿಮೀನ್ ಸಂಸ್ಥೆಯನ್ನೂ ಕಟ್ಟಿ, ಶಿಕ್ಷಣಕ್ಕಾಗಿ ದುಡಿದ ಊರಿಗೆ ದೊರೆತ ಗುರುತು ಇದು!

ತನಿಖೆಯೊಂದು ಪ್ರಾಮಾಣಿಕವಾಗಿ ಮುಗಿದರೆ ಏನಾಗುತ್ತದೆ ಎಂಬುದಕ್ಕೆ ಪಕ್ಕದ ಹೊನ್ನಾವರದಲ್ಲೇ ಉದಾಹರಣೆಯಿದೆ. 2017ರ ದಶಂಬರದಲ್ಲಿ ಅಲ್ಲಿನ ಯುವಕನೊಬ್ಬ ಕಾಣೆಯಾಗಿ, ಎರಡು ದಿನಗಳ ಬಳಿಕ ಕೆರೆಯಲ್ಲಿ ಶವವಾಗಿ ಪತ್ತೆಯಾದ. ಅವನನ್ನು ಚಿತ್ರಹಿಂಸೆ ನೀಡಿ ಕೊಲ್ಲಲಾಗಿದೆ ಎಂಬ ಪ್ರಚಾರ ಕ್ಷಣಮಾತ್ರದಲ್ಲಿ ಹಬ್ಬಿತು. ಹೊನ್ನಾವರ, ಕುಮಟಾ, ಕಾರವಾರ, ಶಿರಸಿಗಳು ಹೊತ್ತಿಕೊಂಡವು. ಕುಮಟಾದಲ್ಲಿ ಪೊಲೀಸ್ ಮಹಾನಿರೀಕ್ಷಕರ ವಾಹನಕ್ಕೇ ಬೆಂಕಿ ಇಡಲಾಯಿತು. ಐದೇ ತಿಂಗಳಲ್ಲಿ ವಿಧಾನಸಭಾ ಚುನಾವಣೆ ನಡೆಯಿತು. 2013ರಲ್ಲಿ ಉತ್ತರ ಕನ್ನಡದ 6 ಕ್ಷೇತ್ರಗಳ ಪೈಕಿ ಒಂದನ್ನು ಮಾತ್ರ ಗೆದ್ದಿದ್ದ ಬಿಜೆಪಿಯು 2018ರಲ್ಲಿ ಭಟ್ಕಳ, ಕುಮಟಾ ಸೇರಿ 4 ಕ್ಷೇತ್ರಗಳನ್ನು ಗೆದ್ದಿತು. ಅನಂತರ 2022ರ ಅಕ್ಟೋಬರ್‌ನಲ್ಲಿ ಸಿಬಿಐ ತನ್ನ ವರದಿಯನ್ನು ಹೊನ್ನಾವರದ ನ್ಯಾಯಾಲಯಕ್ಕೆ ಸಲ್ಲಿಸಿತು. ಅದು ಕೊಲೆಯಲ್ಲ, ಆಕಸ್ಮಿಕ ಸಾವು ಎಂಬುದು ಆ ವರದಿಯ ಸಾರ. ಐದು ವರ್ಷಗಳ ಕಾಲ ಒಂದು ಸಮುದಾಯವು ಹೊತ್ತುಕೊಂಡಿದ್ದ ಆಪಾದನೆಯು ಒಂದು ವರದಿಯಿಂದ ಇಳಿಯಿತು. ತಡವಾಗಿ ಬಂದರೂ ಸತ್ಯ ಸತ್ಯವೇ. ಆದರೆ ಅದು ಬರುವಷ್ಟರಲ್ಲಿ ಸುಳ್ಳು ತನ್ನ ಕೆಲಸವನ್ನು ಮುಗಿಸಿತ್ತು ಎಂಬುದನ್ನೂ ಮರೆಯಬಾರದು. ಇಲ್ಲಿ ಮಗನನ್ನು ಕಳಕೊಂಡ ಮೀನುಗಾರ ಕುಟುಂಬವೂ ನಮ್ಮ ಸಹಾನುಭೂತಿಗೆ ಅರ್ಹವಾಗಿದೆ. ಅವರ ಕಣ್ಣೀರನ್ನು ಪ್ರಚಾರಕ್ಕೆ ಬಳಸಿದವರಲ್ಲಿ ಎಷ್ಟು ಮಂದಿ ಆ ವರದಿಯ ನಂತರ ಜನರ ಕ್ಷಮೆ ಕೇಳಿದರು?

ಹೊನ್ನಾವರದ ಸಾವಿಗೆ ಒಂದು ಉತ್ತರ ಸಿಕ್ಕಿತು. ಭಟ್ಕಳದ ಹತ್ಯೆಗೆ ಸಿಗಲಿಲ್ಲ. ಹೀಗಾಗಿ ಅಲ್ಲಿ ಇಳಿದ ಹೊರೆ ಇಲ್ಲಿ ಇಳಿಯಲಿಲ್ಲ. ಹೊನ್ನಾವರ ತಾಲೂಕು ಭಟ್ಕಳ ಮತ್ತು ಕುಮಟಾ ಎಂಬ ಎರಡು ವಿಧಾನಸಭಾ ಕ್ಷೇತ್ರಗಳ ನಡುವೆ ಹಂಚಿಹೋಗಿದೆ. ಆದ್ದರಿಂದ ಈ ಮೂರು ಪಟ್ಟಣಗಳ ರಾಜಕೀಯವನ್ನು ಬೇರೆ ಬೇರೆಯಾಗಿ ನೋಡಲಾಗದು. ಒಂದೆಡೆ ಹರಡಿದ ಗಾಳಿಸುದ್ದಿ ಇನ್ನೊಂದೆಡೆ ಮತವಾಗಿ ಬೀಳುತ್ತದೆ.

ಆದರೆ ಈ ಕರಾವಳಿಯ ರಾಜಕೀಯ ಎಂದೆಂದೂ ಹೀಗೆಯೇ ಇತ್ತೇ? ಇಲ್ಲ. ಭಟ್ಕಳದ ಹೆದ್ದಾರಿಯಲ್ಲಿ ಶಂಸುದ್ದೀನ್ ವೃತ್ತವನ್ನು ದಾಟದೆ ಯಾರೂ ಮುಂದೆ ಹೋಗಲಾರರು. ಈ ಭಾಗದಿಂದ ಶಾಸಕರಾಗಿ, ಅಂದಿನ ಮೈಸೂರು ಸರಕಾರದಲ್ಲಿ ಸಚಿವರೂ ಆಗಿದ್ದ ಜುಕಾಕು ಶಂಸುದ್ದೀನ್ ಅವರನ್ನು ಆ ಹೆಸರು ನೆನಪಿಸುತ್ತದೆ. 1970ರ ದಶಕದಲ್ಲಿ ಎಸ್. ಎಂ. ಯಹ್ಯಾ ಅವರು ಇದೇ ಭಟ್ಕಳದಿಂದ ಆರಿಸಿ ಬಂದರು. ರಾಜ್ಯದ ಸಚಿವರೂ ಆದರು. ಕ್ಷೇತ್ರದ ಮತದಾರರಲ್ಲಿ ಮುಸ್ಲಿಮರು ಅಂದೂ ಅಲ್ಪಸಂಖ್ಯಾತರೇ. ನಾಮಧಾರಿಗಳು, ಮೀನುಗಾರರು, ಗೌಡರು, ಹವ್ಯಕರು, ದಲಿತರು ಮತ ನೀಡದೆ ಅವರು ಗೆಲ್ಲುವುದು ಸಾಧ್ಯವೇ ಇರಲಿಲ್ಲ. ಇಂದಿಗೂ ಚನ್ನಪಟ್ಟಣ ಹನುಮಂತ ದೇವಸ್ಥಾನದ ರಥೋತ್ಸವಕ್ಕೆ ಪಟ್ಟಣದ ಹಳೆಯ ಮುಸ್ಲಿಂ ಮನೆತನಕ್ಕೆ ಆಮಂತ್ರಣ ನೀಡುವ ಸಂಪ್ರದಾಯವಿದೆ. ಹಿಂದೂ ರೈತರ ಅಂಗಳದಲ್ಲಿ ಅರಳಿದ ಭಟ್ಕಳ ಮಲ್ಲಿಗೆಯಿಲ್ಲದೆ ನವಾಯತರ ಮದುವೆ ಕಳೆಗಟ್ಟುವುದಿಲ್ಲ. ಇದು ಭಾಷಣಕ್ಕಾಗಿ ಕಟ್ಟಿದ ಸೌಹಾರ್ದವಲ್ಲ, ದಿನನಿತ್ಯದ ಬದುಕು. ಈ ಬದುಕನ್ನು ಒಡೆದದ್ದು 1993ರ ಗಲಭೆ. ಒಡೆದದ್ದನ್ನು ಕೂಡಿಸಲು ಬಿಡದಿದ್ದುದು 1996ರ ಹತ್ಯೆ ಮತ್ತು ಅದರ ಬಳಿಕ ಉಳಿದ ಸಂಶಯ.

ಇಲ್ಲಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕಾಗಿದೆ. ಚಿತ್ತರಂಜನ್ ಹತ್ಯೆಗೆ ನ್ಯಾಯ ಸಿಗಬೇಕು ಎಂಬ ಬೇಡಿಕೆಯನ್ನು ನಾವು ಇಷ್ಟು ವರ್ಷ ಯಾರಿಗೆ ಬಿಟ್ಟುಕೊಟ್ಟೆವು? ಅವರ ಪಕ್ಷಕ್ಕೆ. ಅದು ಅವರ ವಿಷಯ, ನಮಗೇಕೆ ಎಂದು ದೂರ ಸರಿದೆವು. ಮಾತನಾಡಿದರೆ ಸಂಶಯ ಇನ್ನಷ್ಟು ಹೆಚ್ಚೀತು ಎಂಬ ಭಯವೂ ಇತ್ತು. ಕೆಲವರ ಮನದಾಳದಲ್ಲಿ, ವಿರೋಧಿಯೊಬ್ಬ ಇಲ್ಲವಾದ ಎಂಬ ನೆಮ್ಮದಿಯೂ ಇದ್ದಿರಬಹುದು. ಇದ್ದರೆ ಅದು ಖಂಡಿತ ಪಾಪ. ಮುಸ್ಲಿಮನ ಧರ್ಮವು ಅವನಿಗೆ ಕಲಿಸಿರುವುದು ಬೇರೆಯೇ ಪಾಠವನ್ನು. ನ್ಯಾಯದ ತಕ್ಕಡಿ ಹಿಡಿದಾಗ ಎದುರಿಗಿರುವವನು ಬಂಧುವೋ ವೈರಿಯೋ ಎಂದು ನೋಡಬಾರದು. ತನ್ನ ವಿರುದ್ಧವೇ ಸಾಕ್ಷ್ಯ ಹೇಳಬೇಕಾಗಿ ಬಂದರೂ ಹಿಂಜರಿಯಬಾರದು ಎಂಬುದು ಆ ಪಾಠ. ನಿರಪರಾಧಿ ಜೀವವೊಂದನ್ನು ಕೊಲ್ಲುವುದು ಮನುಷ್ಯಕುಲವನ್ನೇ ಕೊಂದಂತೆ ಎಂದು ಜುಮಾ ಪ್ರವಚನಗಳಲ್ಲಿ ನಾವು ಎಷ್ಟು ಬಾರಿ ಕೇಳಿಲ್ಲ? ಆ ಬೋಧನೆಗೆ ನಮಗೆ ಪ್ರಿಯರಲ್ಲದವರು ಹೊರತೆಂಬ ಷರತ್ತು ಎಲ್ಲಿದೆ? ಕೊಂದವನು ಹೊರಗಿನವನಾಗಿದ್ದರೆ ಸತ್ಯವು ನಮ್ಮನ್ನು ಸಂಶಯದಿಂದ ಬಿಡಿಸುತ್ತದೆ. ಕೊಂದವನು ನಮ್ಮವನೇ ಆಗಿದ್ದರೆ ಅವನು ನಮಗೆ ಮಾಡಿದ ದ್ರೋಹವನ್ನು ಸತ್ಯವು ತೋರಿಸಿಕೊಡುತ್ತದೆ. ಎರಡರಲ್ಲಿ ಯಾವುದಕ್ಕೂ ಪ್ರಾಮಾಣಿಕನಾದ ಮುಸ್ಲಿಮನು ಹೆದರಬೇಕಾಗಿಲ್ಲ.

ಇನ್ನು ಅಧಿಕಾರದಲ್ಲಿದ್ದವರ ಲೆಕ್ಕವನ್ನು ನೋಡೋಣ. ಹತ್ಯೆ ನಡೆದಾಗ ರಾಜ್ಯದಲ್ಲಿದ್ದುದು ದೇವೇಗೌಡರ ನೇತೃತ್ವದ ಜನತಾದಳದ ಸರಕಾರ. ಅನಂತರ ಕಾಂಗ್ರೆಸ್ ಬಂತು, ಮೈತ್ರಿ ಸರಕಾರಗಳು ಬಂದವು. 2008ರಿಂದ 2013ರ ತನಕ ಮತ್ತು 2019ರಿಂದ 2023ರ ತನಕ ಚಿತ್ತರಂಜನ್ ಅವರ ಸ್ವಂತ ಪಕ್ಷವೇ ಕರ್ನಾಟಕವನ್ನು ಆಳಿತು. ಕೇಂದ್ರದಲ್ಲಿ 1998ರಿಂದ 2004ರ ವರೆಗೆ ವಾಜಪೇಯಿ ಸರಕಾರವಿತ್ತು; 2014ರಿಂದ ಮೋದಿ ಸರಕಾರವಿದೆ. ಸಿಬಿಐ ಇರುವುದು ಕೇಂದ್ರದ ಅಧೀನದಲ್ಲೇ. ಹೀಗಿರುವಾಗ, ತಮ್ಮದೇ ಶಾಸಕನ ಕೊಲೆಯ ಸತ್ಯವನ್ನು ಹೊರಗೆಳೆಯಲು ಇವರನ್ನು ತಡೆದವರು ಯಾರು? ತಡೆದದ್ದು ಮುಸ್ಲಿಮರ ಓಲೈಕೆಯೇ? ಹಾಗೆನ್ನಲು ಇಲ್ಲಿ ಅವಕಾಶವೇ ಇಲ್ಲ. ಸಾಕ್ಷ್ಯಗಳು ಸಿಗದೆ ತನಿಖೆ ನಿಂತಿರಲೂಬಹುದು. ಅಂತಹ ಪ್ರಕರಣಗಳು ಜಗತ್ತಿನ ಎಲ್ಲೆಡೆಯೂ ಇವೆ. ಹಾಗಿದ್ದರೆ ಅದನ್ನಾದರೂ ಜನರ ಮುಂದಿಟ್ಟು, ಯಾರ ಮೇಲೂ ಬೆರಳು ತೋರಿಸುವ ಆಧಾರವಿಲ್ಲ ಎಂದು ಹೇಳುವ ಧೈರ್ಯ ಬೇಕು. ಆ ಧೈರ್ಯ ಯಾಕೆ ಬರುವುದಿಲ್ಲವೆಂದರೆ, ಬಗೆಹರಿದ ಕೊಲೆಗಿಂತ ಬಗೆಹರಿಯದ ಕೊಲೆಯೇ ರಾಜಕೀಯಕ್ಕೆ ಹೆಚ್ಚು ಪ್ರಯೋಜನಕಾರಿ. ಬಗೆಹರಿದ ಕೊಲೆಯಲ್ಲಿ ಅಪರಾಧಿ ಒಬ್ಬನೋ ಇಬ್ಬರೋ ಇರುತ್ತಾರೆ. ಬಗೆಹರಿಯದ ಕೊಲೆಯಲ್ಲಿ ಇಡೀ ಊರನ್ನೇ ಅಪರಾಧಿಯಾಗಿ ತೋರಿಸಬಹುದು.

ಜಾತ್ಯತೀತರೆಂದು ಹೇಳಿಕೊಳ್ಳುವ ಪಕ್ಷಗಳೂ ಇದರಿಂದ ಮುಕ್ತವಲ್ಲ. ಅವರಿಗೂ ಭಟ್ಕಳದ ಮುಸ್ಲಿಮರ ಭಯ ಬೇಕು. ಭಯ ಇದ್ದರಲ್ಲವೇ ಮತಗಳು ಒಟ್ಟಾಗಿ ಬೀಳುವುದು! 2023ರಲ್ಲಿ ಮಂಕಾಳ ವೈದ್ಯರು 30 ಸಾವಿರಕ್ಕೂ ಹೆಚ್ಚಿನ ಅಂತರದಿಂದ ಗೆದ್ದು ಸಚಿವರಾದರು. 2013ರಲ್ಲಿ ಪಕ್ಷೇತರರಾಗಿ ಗೆದ್ದು, 2018ರಲ್ಲಿ ಸೋತು, ಮತ್ತೆ ಎದ್ದು ಬಂದ ಅವರ ಗೆಲುವಿನಲ್ಲಿ ಎಲ್ಲ ಸಮುದಾಯಗಳ ಪಾಲಿದೆ. ಇದು ಸ್ವಾಗತಾರ್ಹ. ಆದರೆ ಮತ ಹಾಕಿದ ಮರುದಿನ ನಾವು ಯಾವ ಬೇಡಿಕೆಯೊಂದಿಗೆ ಶಾಸಕರ ಬಾಗಿಲಿಗೆ ಹೋಗುತ್ತೇವೆ? ನಮ್ಮ ಕಬರಸ್ತಾನದ ಆವರಣ ಗೋಡೆ, ನಮ್ಮ ಶಾದಿಮಹಲ್ ಎಂಬಲ್ಲಿಗೆ ನಮ್ಮ ಪಟ್ಟಿ ಮುಗಿಯುತ್ತದೆ. ಊರಿನ ಪಟ್ಟಿಯನ್ನು ಹಿಡಿದುಕೊಂಡು ಹೋಗುವವರು ಯಾರು?

ಆ ಪಟ್ಟಿಯಲ್ಲಿ ಮೊದಲು ಇರಬೇಕಾದದ್ದು ಏನೆಂದು 2022ರ ಜುಲೈ 20ರಂದು ಎಲ್ಲರೂ ಕಂಡಿದ್ದಾರೆ. ಹೊನ್ನಾವರದಿಂದ ರೋಗಿಯನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಆಂಬ್ಯುಲೆನ್ಸ್ ಶಿರೂರಿನ ಟೋಲ್ ಗೇಟ್‌ನಲ್ಲಿ ಮಗುಚಿ ನಾಲ್ವರು ಪ್ರಾಣ ಬಿಟ್ಟರು. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆ ಬಳಿಕ ಜೋರಾಯಿತು. ಹೃದಯಾಘಾತವಾದವನನ್ನು, ಹೆದ್ದಾರಿಯಲ್ಲಿ ಅಪಘಾತಕ್ಕೀಡಾದವನನ್ನು ಹೊತ್ತು ಮಣಿಪಾಲಕ್ಕೋ ಮಂಗಳೂರಿಗೋ ಓಡುವಾಗ ದಾರಿಯಲ್ಲಿ ಸಾಯುವವನ ಧರ್ಮವನ್ನು ಸಾವು ಕೇಳುವುದಿಲ್ಲ. ವೈದ್ಯರೊಬ್ಬರನ್ನು ವಿಧಾನಸಭೆಗೆ ಕಳುಹಿಸಿದ ಕ್ಷೇತ್ರ ಇದು. ಆ ವೈದ್ಯರ ಹೆಸರಿನಲ್ಲಿ ಮೂರು ದಶಕಗಳಿಂದ ಮತ ಕೇಳಿದವರು, ಆ ಹೆಸರಿನಲ್ಲಿ ಒಂದು ಆಸ್ಪತ್ರೆಯನ್ನು ಕೇಳಿದ್ದರೆ ಇಂದು ಎಷ್ಟು ಜೀವಗಳು ಉಳಿಯುತ್ತಿದ್ದವು!

ಆದ್ದರಿಂದ ನಮ್ಮ ಬೇಡಿಕೆ ಸರಳವಾಗಿದೆ. ಡಾ. ಚಿತ್ತರಂಜನ್ ಹತ್ಯೆಯ ತನಿಖೆ ಎಲ್ಲಿಂದ ಎಲ್ಲಿಗೆ ಹೋಯಿತು, ಎಲ್ಲಿ ನಿಂತಿತು, ಏಕೆ ನಿಂತಿತು ಎಂಬ ಅಧಿಕೃತ ವಿವರವನ್ನು ಸರಕಾರ ವಿಧಾನಸಭೆಯ ಮುಂದಿಡಲಿ. ಹೊಸ ಸಾಕ್ಷ್ಯಕ್ಕೆ ಅವಕಾಶವಿದ್ದರೆ ಕಾನೂನಿನ ದಾರಿಯಲ್ಲಿ ಪ್ರಕರಣ ಮತ್ತೆ ತೆರೆಯಲಿ. ಈ ಬೇಡಿಕೆಯನ್ನು ಭಟ್ಕಳ, ಹೊನ್ನಾವರ, ಕುಮಟಾಗಳ ಮುಸ್ಲಿಂ ಸಂಘಟನೆಗಳೇ ಮೊದಲು ಲಿಖಿತವಾಗಿ ಸಲ್ಲಿಸಲಿ. ಕೊಲೆಯಾದ ಶಾಸಕರ ಕುಟುಂಬಕ್ಕೆ ನ್ಯಾಯ ಸಿಗಲಿ ಎಂದು, ಅವರಿಗೆ ಮತ ಹಾಕದವರು ಕೇಳುವ ದಿನ ಬರಲಿ. 1993ರಲ್ಲಿ ಮಡಿದವರ ಕುಟುಂಬಗಳಿಗೆ, ಅವರು ಯಾವ ಧರ್ಮದವರೇ ಆಗಿರಲಿ, ನ್ಯಾಯ ಕೇಳುವ ಹಕ್ಕು ನಮಗೆ ಉಳಿಯುವುದು ಆಗ ಮಾತ್ರ. ನಮ್ಮವರ ರಕ್ತಕ್ಕೆ ನ್ಯಾಯ ಕೇಳಿ ಇತರರ ರಕ್ತಕ್ಕೆ ಮೌನ ವಹಿಸುವವರ ಮಾತಿಗೆ ಬೆಲೆ ಎಲ್ಲಿರುತ್ತದೆ?

ಮುಂದಿನ ಎಪ್ರಿಲ್ 10ರಂದು ಭಟ್ಕಳದಲ್ಲಿ ಅವರ ಸ್ಮರಣೆ ಒಂದು ಪಕ್ಷದ ಕಚೇರಿಗೆ ಸೀಮಿತವಾಗದಿರಲಿ. ಅವರನ್ನು ವಿರೋಧಿಸಿದವರ ಮನೆಗಳಲ್ಲಿಯೂ ಅಂದು ಒಂದು ಪ್ರಶ್ನೆ ಏಳಲಿ: ನಮ್ಮ ಶಾಸಕರನ್ನು ಕೊಂದವರು ಯಾರು?